ಸಹಾಯ ಬೇಕು: ಎಚ್‌ಐವಿ–ಜೀನ್ ಬಗ್ಗೆ ಮಾತಾಡೋರು ಬೇಕಿತ್ತು

ಸೋಮವಾರಪೇಟೆ ಕಡೆ ಪಿಯು ಕಾಲೇಜಲ್ಲಿ ಬಯಾಲಜಿ ಪಾಠ ಮಾಡ್ತೀನಿ. ಡಿಸೆಂಬರ್ 1ರ ಏಡ್ಸ್ ದಿನದ ಭಾಷಣ ನನ್ನ ತಲೆಗೇ ಬಿದ್ದಿದೆ. ಮೊನ್ನೆ ಒಬ್ಬಳು ಹುಡುಗಿ, ಕಾಫಿ ಕೊಯ್ದು ಕಪ್ಪಾದ ಬೆರಳೆತ್ತಿ, "ಸರ್, ಕೆಲವರಿಗೆ ಮಾತ್ರೆ ಇಲ್ದೆನೂ ವೈರಸ್ ಹತೋಟೀಲಿರತ್ತಂತೆ?" ಅಂದ್ಳು.

ನಿಜ, ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅಂಥವರಲ್ಲಿ ಎಚ್‌ಎಲ್‌ಎ-ಬಿ57, ಬಿ27 ಹೆಚ್ಚಾಗಿ ಕಾಣ್ತವೆ. ವೈರಸ್ಸಿನ ಚೂರನ್ನ ಜೀವಕೋಶದ ಮೇಲೆ ಎತ್ತಿ ಸೋಂಕಿನ ವಿರುದ್ಧ ಹೋರಾಡೋ ಟಿ-ಕೋಶಗಳಿಗೆ ತೋರಿಸೋ ಪ್ರೋಟೀನುಗಳಿವು. ವೈರಸ್ ಕೋಶದೊಳಗೆ ನುಗ್ಗೋ ಬಾಗಿಲನ್ನ ಮಾಡೋ ಸಿಸಿಆರ್5 ಜೀನಿನ ಎರಡೂ ಪ್ರತಿಯಲ್ಲಿ ಡಿಎನ್‌ಎಯ 32 ಅಕ್ಷರ ಬಿಟ್ಟುಹೋಗಿದ್ರೆ ವೈರಸ್‌ಗೆ ಸಾಮಾನ್ಯವಾಗಿ ಬಾಗಿಲೇ ಸಿಗಲ್ಲ. ಅದು ಉತ್ತರ ಯುರೋಪಿನ ಕಥೆ, ನಮ್ಮಲ್ಲಿ ತೀರಾ ಅಪರೂಪ.

ಇದನ್ನ ಕೇಳಿ ಯಾರಾದ್ರೂ ಎಚ್‌ಐವಿ ಹತೋಟೀಲಿಡೋ ಎಆರ್‌ಟಿ ಮಾತ್ರೆ ಬಿಟ್ಟುಬಿಟ್ರೆ ಅನ್ನೋದೇ ನನ್ನ ಭಯ. ಮಡಿಕೇರಿ, ವಿರಾಜಪೇಟೆ ಕಡೆಯ ಡಾಕ್ಟರ್ ಯಾರಾದ್ರೂ ಒಂದು ಗಂಟೆ ಬರ್ತೀರಾ? ಬಸ್ ಚಾರ್ಜು, ಊಟ ನಂದು. ಇನ್‌ಬಾಕ್ಸ್ ಮಾಡಿ.