ಆನ್‌ಲೈನ್ ಜಾಹೀರಾತು ಬರೆಯುವಾಗ ಎಂತ ಮಾಡಬಾರದು? ಅನುಭವ ಹೇಳಿ ಮಾರಾಯ್ರೆ

ಹಪ್ಪಳ, ಕಿನ್ನಿಗೋಳಿ: ಅಮ್ಮ ಮಾಡುವ ಹಲಸಿನ ಹಪ್ಪಳಕ್ಕೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಬೇಕು ಅಂತ ಇದ್ದೇನೆ. ಬರೆಯುವುದು ನಾನೇ. ಯಾವ ತಪ್ಪು ಮಾಡಬಾರದು?

ಹೋಂಸ್ಟೇ, ಮಲ್ಪೆ: ಬೇರೆಯವರ ಕೈಯಲ್ಲಿ ಮಾತ್ರ ಬರೆಸಬೇಡಿ. ನನಗೆ ಬರೆದುಕೊಟ್ಟದ್ದಕ್ಕೆ 15,000. ಜಾಹೀರಾತಿಗೆ 8,000, ಅದರ ಮೇಲೆ 18% ಜಿಎಸ್‌ಟಿ ಅಂತ 1,440. ಬರೆದದ್ದೇನು? "ಸ್ವರ್ಗದಂಥ ಅನುಭವ, ಮರೆಯಲಾಗದ ಕ್ಷಣಗಳು." ಎಸಿ ಇದೆಯಾ, ಮೀನೂಟ ಸಿಗ್ತದಾ, ಬಾಡಿಗೆ ಎಷ್ಟು, ಒಂದೂ ಇಲ್ಲ. ಫೋನ್ ಮಾಡಿದವರೆಲ್ಲ ರೇಟ್ ಕೇಳಿ ಇಡುವವರೇ. ಕ್ಲಿಕ್ಕಿಗೆ ಹೋದ ದುಡ್ಡು ನನ್ನದು. ಸಾಲದ್ದಕ್ಕೆ "ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್" ಅಂತ ಒಂದು ಸಾಲು. ಮಳೆಗಾಲದಲ್ಲಿ ಬೋಟ್ ಬಂದ್ ಅಲ್ವಾ? ಜೂನ್‌ನಲ್ಲೂ ಆ ಜಾಹೀರಾತು ಓಡುತ್ತಲೇ ಇತ್ತು. ಹುಬ್ಬಳ್ಳಿಯ ಕುಟುಂಬವೊಂದು ಅಂಗಳದಲ್ಲೇ ನಿಂತು ಬೈದು, ಬಾಡಿಗೆ ವಾಪಸ್ ತಗೊಂಡು ಹೋಯಿತು.

ಜಾಹೀರಾತು ಬರೆಯುವವ, ಕದ್ರಿ: ಅಣ್ಣ, ಬೋಟ್ ಬಂದ್ ಅಂತ ನೀವು ಹೇಳಿದ್ದಿರಾ? ಗಿರಾಕಿಗಳು ಎರಡು ಫೋಟೊ ವಾಟ್ಸಾಪ್ ಮಾಡಿ "ಚಂದ ಮಾಡಿ ಬರೀರಿ" ಅಂತಾರೆ, ಮುಗೀತು. ಗೂಗಲ್ ಸರ್ಚ್ ಜಾಹೀರಾತಿನ ಒಂದು ತಲೆಬರಹಕ್ಕೆ ಸಿಗುವುದೇ 30 ಅಕ್ಷರ, ಖಾಲಿ ಜಾಗವೂ ಸೇರಿ. ವಿವರಣೆಗೆ 90. ಅದರೊಳಗೆ "ಅತ್ಯುತ್ತಮ ಗುಣಮಟ್ಟ" ತುರುಕಲು ಹಟ. ತಲೆಬರಹದಲ್ಲಿ ಆಶ್ಚರ್ಯ ಚಿಹ್ನೆಗೆ ಅವಕಾಶವೇ ಇಲ್ಲ ಅಂದರೂ ಕೇಳುವುದಿಲ್ಲ.

ಹೋಂಸ್ಟೇ, ಮಲ್ಪೆ: ಮಳೆಗಾಲ ಬಂತು ಅಂತ ನಾನು ಕಾಗದ ಬರೀಬೇಕಿತ್ತಾ?

ಕಷಾಯ ಪುಡಿ, ಸುರತ್ಕಲ್: ನಾನು ಬರೆದದ್ದು ಇಷ್ಟೇ: "ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು. ಕಾಲು ಕೆಜಿ 140 ರೂಪಾಯಿ. ಮಂಗಳವಾರ ಹುರಿದು ಬುಧವಾರ ಕಳಿಸುತ್ತೇವೆ." ಅಷ್ಟಕ್ಕೇ ಆರ್ಡರ್ ಬರ್ತದೆ. ಇನ್ನೊಬ್ಬರು "ಶುಗರ್ ಪೂರ್ತಿ ಗುಣ" ಅಂತ ಹಾಕಿ ನನ್ನ ಎರಡರಷ್ಟು ಮಾರುತ್ತಿದ್ದರು. ನೀನೂ ಹಾಗೇ ಬರೆ ಅಂತ ತಮ್ಮ ಪ್ರಾಣ ತಿಂದ. ನಾನು ಬಗ್ಗಲಿಲ್ಲ. ಸಕ್ಕರೆ ಕಾಯಿಲೆ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದಕ್ಕೆ 1954ರ ಕಾನೂನಿನಲ್ಲೇ ತಡೆ ಇದೆ. "ನಿಮಗೆ ಶುಗರ್ ಇದೆಯಾ?" ಅಂತ ಓದುವವರನ್ನೇ ಕೇಳುವುದೂ ಫೇಸ್‌ಬುಕ್ ನಿಯಮಕ್ಕೆ ವಿರುದ್ಧ. ಅವರ ಖಾತೆ ಬಂದ್ ಆಯಿತು. ನನಗೇನೂ ಬೇಜಾರಿಲ್ಲ.

ತರಕಾರಿ, ಕಟಪಾಡಿ: ಅಕ್ಕ, ಸುಳ್ಳು ಬರೆದವರದ್ದೇ ಕಾಲ ಇದು. ಮಟ್ಟು ಊರಿನ ಬದನೆ ಮಟ್ಟುಗುಳ್ಳಕ್ಕೆ 2011ರಲ್ಲೇ ಜಿಐ, ಅಂದರೆ ಆ ಊರಿನ ಬೆಳೆಗೆ ಮಾತ್ರ ಆ ಹೆಸರು ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಆದರೂ ಎಲ್ಲಿಯದೋ ಬದನೆ ತಂದು "ಅಸಲಿ ಮಟ್ಟುಗುಳ್ಳ, ಮಂಗಳೂರಿಗೆ ಡೋರ್ ಡೆಲಿವರಿ" ಅಂತ ಹಾಕುತ್ತಾರೆ. ನಾನು ಕೆಜಿಗೆ 20 ರೂಪಾಯಿ ಜಾಸ್ತಿ ಹೇಳಿದರೆ ನಾನೇ ಕಳ್ಳ.

ಪೆರಂಪಳ್ಳಿ: ಎಲ್ಲಿಯದೋ ಬದನೆ ಅಂದರೆ ಎಂತ? ನಾವು "ಪೆರಂಪಳ್ಳಿ ಗುಳ್ಳ" ಅಂತಲೇ ಬರೆದು ಮಾರುತ್ತೇವೆ.

ತರಕಾರಿ, ಕಟಪಾಡಿ: ನಿಮಗೆ ಹೇಳಿದ್ದಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಯಾಕೆ ಮುಟ್ಟಿಕೊಳ್ಳುತ್ತೀರಿ?

ಪೆರಂಪಳ್ಳಿ: ಒಮ್ಮೆ ಹುಳಿ ಮಾಡಿ ನೋಡಿ, ಆಮೇಲೆ ಮಾತಾಡಿ.

ತರಕಾರಿ, ಕಟಪಾಡಿ: ಮಾಡಿದ್ದೇನೆ. ಹೋಳು ಹುಡುಕಬೇಕಾಯಿತು.

ಪೆರಂಪಳ್ಳಿ: ಬೇಯಿಸಲು ಬಾರದಿದ್ದರೆ ಗುಳ್ಳ ಎಂತ ಮಾಡ್ತದೆ?

ಹಪ್ಪಳ, ಕಿನ್ನಿಗೋಳಿ: ಹಪ್ಪಳದ ಬಗ್ಗೆ ಯಾರಾದರೂ ಹೇಳ್ತೀರಾ?

ಜಾಹೀರಾತು ಬರೆಯುವವ, ಕದ್ರಿ: ಖಾರದ್ದಾ, ಸಪ್ಪೆಯಾ? ನೂರರ ಕಟ್ಟಿಗೆ ಎಷ್ಟು? ಕೊರಿಯರ್ ಸೇರಿಯೋ ಬೇರೆಯೋ? ದಾರಿಯಲ್ಲಿ ಪುಡಿಯಾದರೆ ಯಾರ ತಲೆಗೆ? ಇದನ್ನು ಮೊದಲ ಎರಡು ಸಾಲಲ್ಲೇ ಬರೆಯಿರಿ. ಬರಹ ಉದ್ದವಾದರೆ ಫೋನಿನಲ್ಲಿ ಉಳಿದದ್ದು "ಇನ್ನಷ್ಟು ನೋಡಿ" ಒಳಗೆ ಹೋಗುತ್ತದೆ. ಅದನ್ನು ಒತ್ತುವವರು ಕಡಿಮೆ.

ಹೋಂಸ್ಟೇ, ಮಲ್ಪೆ: ನನ್ನ 15,000 ತಗೊಂಡಾಗ ಇದನ್ನು ಯಾರೂ ಹೇಳಲಿಲ್ಲ.

ಜಾಹೀರಾತು ಬರೆಯುವವ, ಕದ್ರಿ: ತಗೊಂಡದ್ದು ನಾನಾ ಅಣ್ಣ?