ಎಕ್ಸ್‌ಟೆನ್ಶನ್ ಚೆಕ್ ಇದ್ದರೂ ಅಪ್ಲೋಡ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಓಡುತ್ತಿದೆ, ಹೇಗೆ?

ಹೊಂಗೆಮರ:
ನಮಸ್ಕಾರ. ನಮ್ಮ ಫೋಟೋ ಕ್ಲಬ್‌ನ ಸ್ಪರ್ಧೆಗೆ ಒಂದು ಸಣ್ಣ ಸೈಟ್ ಇದೆ. ಶೇರ್ಡ್ ಹೋಸ್ಟಿಂಗ್, ವೆಬ್ ಸರ್ವರ್ ಅಪಾಚೆ, ಕೋಡ್ ಪಿಎಚ್‌ಪಿಯಲ್ಲಿ. ಸದಸ್ಯರು ಹಾಕಿದ ಫೋಟೋ ಸೈಟಿನ ಒಳಗೇ ಇರುವ ‘ಅಪ್ಲೋಡ್ಸ್’ ಫೋಲ್ಡರ್‌ಗೆ ಹೋಗುತ್ತದೆ. ಸೈಟಿನಿಂದ ಸ್ಪ್ಯಾಮ್ ಮೇಲ್ ಹೋಗುತ್ತಿದೆ ಅಂತ ಹೋಸ್ಟಿಂಗ್‌ನವರು ಈಗ ಅಕೌಂಟ್ ನಿಲ್ಲಿಸಿದ್ದಾರೆ. ಹುಡುಕಿದರೆ ‘ಇಮೇಜ್.ಪಿಎಚ್‌ಪಿ.ಜೆಪಿಜಿ’ ಅನ್ನೋ ಫೈಲ್ ಸಿಕ್ಕಿತು. ಲಾಗ್‌ನಲ್ಲಿ ಅದಕ್ಕೆ ಸಾಲು ಸಾಲು ಪೋಸ್ಟ್ ರಿಕ್ವೆಸ್ಟ್, ಎಲ್ಲಕ್ಕೂ 200, ಅಂದರೆ ಯಶಸ್ವಿ ಉತ್ತರ.

ಕೊನೆಯ ಎಕ್ಸ್‌ಟೆನ್ಶನ್ ಜೆಪಿಜಿ ಅಥವಾ ಪಿಎನ್‌ಜಿ ಆಗಿದ್ದರೆ ಮಾತ್ರ ಕೋಡ್ ಒಳಗೆ ಬಿಡುತ್ತದೆ. ಟೈಪ್ ‘ಇಮೇಜ್/ಜೆಪೆಗ್’ ಹೌದಾ ಅಂತಲೂ ನೋಡುತ್ತದೆ. ಆದರೂ ಇದು ಓಡಿದ್ದು ಹೇಗೆ?

ಜೊತೆಗೆ ಇನ್ನೊಂದು ಕಿರಿಕಿರಿ. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ ಬಿಟ್ಟು ಉಳಿದದ್ದನ್ನೆಲ್ಲ ಫೈಲ್ ಹೆಸರಿನಿಂದ ತೆಗೆಯುವ ಸಾಲು ಇದೆ. ಹಾಗಾಗಿ ‘ಜೋಗ’, ‘ಹಂಪಿ’ ಅಂತ ಕನ್ನಡದಲ್ಲಿ ಹೆಸರಿಟ್ಟ ಫೋಟೋಗಳೆಲ್ಲ ಬರೀ ‘.ಜೆಪಿಜಿ’ ಆಗಿ ಒಂದನ್ನೊಂದು ಅಳಿಸಿಹಾಕುತ್ತಿವೆ.

ಸರ್ವರ್‌ಸೀನ:
ನಿಮ್ಮ ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ (ಫೋಲ್ಡರ್‌ಗೆ ಅಪಾಚೆ ಸೆಟ್ಟಿಂಗ್ ಬರೆಯುವ ಫೈಲ್) ‘ಆ್ಯಡ್‌ಹ್ಯಾಂಡ್ಲರ್’ ಅಂತ ಶುರುವಾಗಿ ‘.ಪಿಎಚ್‌ಪಿ’ ಅಂತ ಮುಗಿಯುವ ಸಾಲು ಇದೆಯಾ ನೋಡಿ. ಇದ್ದರೆ ಅದೇ ಕಾರಣ. ಅಪಾಚೆ ಕೊನೆಯ ಎಕ್ಸ್‌ಟೆನ್ಶನ್ ಒಂದನ್ನೇ ನೋಡುವುದಿಲ್ಲ. ಹೆಸರಿನ ನಡುವೆ ಎಲ್ಲಾದರೂ ‘.ಪಿಎಚ್‌ಪಿ’ ಇದ್ದರೂ ಆ ಹ್ಯಾಂಡ್ಲರ್, ಅಂದರೆ ಫೈಲನ್ನು ಪಿಎಚ್‌ಪಿಯಾಗಿ ಓಡಿಸುವ ವ್ಯವಸ್ಥೆ, ಅಂಟಿಕೊಳ್ಳುತ್ತದೆ. ನಿಮ್ಮ ಕೋಡ್ ಬಾಲ ನೋಡಿತು, ಅಪಾಚೆ ಇಡೀ ಹೆಸರು ನೋಡಿತು.

ಅದಕ್ಕೂ ಮೊದಲು ಒಂದು ಕೆಲಸ. ಆ ಒಂದು ಫೈಲ್ ಅಳಿಸಿ ಸುಮ್ನೆ ಕೂರಬೇಡಿ. ಒಮ್ಮೆ ಕೋಡ್ ಓಡಿಸಿದವರು ಬೇರೆ ಕಡೆ ಇನ್ನೊಂದು ಬಾಗಿಲು ಇಟ್ಟೇ ಹೋಗಿರುತ್ತಾರೆ. ಕ್ರಾನ್ ಜಾಬ್ (ನಿಗದಿತ ಸಮಯಕ್ಕೆ ತಾನೇ ಓಡುವ ಕೆಲಸ) ನೋಡಿ. ಸೈಟನ್ನು ಹಳೆಯ ಬ್ಯಾಕಪ್‌ನಿಂದ ಹೊಸದಾಗಿ ಹಾಕಿ. ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿ, ಅದು ಕಾನ್ಫಿಗ್ ಫೈಲ್‌ನಲ್ಲಿ ಅವರ ಕಣ್ಣಿಗೆ ಬಿದ್ದಿದೆ ಅಂತಲೇ ತಿಳಿಯಿರಿ.

ಹೊಂಗೆಮರ:
ಹೌದು ಸರ್, ಆ ಸಾಲು ಇದೆ! ಹಳೆಯ ಹೋಸ್ಟ್‌ನಿಂದ ಬಂದದ್ದು. ತೆಗೆದರೆ ಸಾಕಾ?

ಸರ್ವರ್‌ಸೀನ:
ತೆಗೆಯಿರಿ. ಪಿಎಚ್‌ಪಿ ಯಾವ ಆವೃತ್ತಿ ಅನ್ನೋದನ್ನು ಕಂಟ್ರೋಲ್ ಪ್ಯಾನೆಲ್‌ನಲ್ಲೇ ಆರಿಸಿಕೊಳ್ಳಿ. ಸ್ವಂತ ಸರ್ವರ್ ಇದ್ದವರು ‘ಫೈಲ್ಸ್‌ಮ್ಯಾಚ್’ ಒಳಗೆ ‘ಸೆಟ್‌ಹ್ಯಾಂಡ್ಲರ್’ ಬಳಸಿ, ಹೆಸರು ‘.ಪಿಎಚ್‌ಪಿ’ ಅಂತ ಮುಗಿದರೆ ಮಾತ್ರ ಓಡಿಸು ಅಂತ ಬರೆಯಬಹುದು.

ಆದರೆ ಅಷ್ಟಕ್ಕೇ ಸಾಕಾಗುವುದಿಲ್ಲ. ಟೈಪ್ ನೋಡುತ್ತೇನೆ ಅಂದಿರಲ್ಲ, ಆ ಟೈಪ್ ಹೇಳುವುದು ಬ್ರೌಸರ್. ಕಳುಹಿಸುವವನು ಅಲ್ಲಿ ಏನು ಬೇಕಾದರೂ ಬರೆಯಬಹುದು. ಕಳ್ಳನನ್ನೇ ನಿಲ್ಲಿಸಿ ‘ನೀನು ಕಳ್ಳನಾ’ ಅಂತ ಕೇಳಿದ ಹಾಗೆ. ಪಿಎಚ್‌ಪಿಯ ‘ಫೈಲ್‌ಇನ್ಫೋ’ ಬಳಸಿದರೆ ಫೈಲ್‌ನ ಮೊದಲ ಬೈಟ್‌ಗಳನ್ನು ಓದಿ ಹೇಳುತ್ತದೆ. ಜೆಪೆಗ್ ಆದರೆ ‘ಎಫ್‌ಎಫ್ ಡಿ8 ಎಫ್‌ಎಫ್’ ಅಂತ ಶುರುವಾಗುತ್ತದೆ. ಅದನ್ನು ಬಳಸಿ, ಆದರೆ ಪೂರ್ತಿ ನಂಬಬೇಡಿ. ‘ಜಿಐಎಫ್89ಎ’ ಅಂತ ಮುಂದೆ ಬರೆದು, ಹಿಂದೆ ಪಿಎಚ್‌ಪಿ ಕೋಡ್ ಸೇರಿಸಿದರೆ ಅದು ಜಿಫ್ ಅಂತಲೇ ಪಾಸಾಗುತ್ತದೆ.

ನನ್ನ ಪ್ರಕಾರ ‘ಇದು ನಿಜವಾದ ಫೋಟೋನಾ’ ಅನ್ನೋ ಪ್ರಶ್ನೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬಾರದು. ಕೆಟ್ಟ ಫೈಲ್ ಬಂದೇ ಬರುತ್ತದೆ. ಬಂದರೂ ಸರ್ವರ್ ಅದನ್ನು ಓಡಿಸಬಾರದು. ಅಪ್ಲೋಡ್ಸ್ ಫೋಲ್ಡರನ್ನು ಸೈಟ್‌ನ ಫೋಲ್ಡರ್‌ನಿಂದ ಹೊರಗೆ, ಒಂದು ಮೆಟ್ಟಿಲು ಮೇಲೆ ಇಡಿ. ಆಗ ಯಾವ ಯುಆರ್‌ಎಲ್ ಹೊಡೆದರೂ ಅಪಾಚೆ ನೇರವಾಗಿ ಅದನ್ನು ಮುಟ್ಟುವುದಿಲ್ಲ. ಫೋಟೋ ತೋರಿಸಲು ಒಂದು ಸಣ್ಣ ಪಿಎಚ್‌ಪಿ ಫೈಲ್ ಬರೆಯಿರಿ. ಅದಕ್ಕೆ ಫೋಟೋ ನಂಬರ್ ಕೊಡಿ, ಫೈಲ್‌ನ ದಾರಿ ಕೊಡಬೇಡಿ. ಅದು ಡೇಟಾಬೇಸ್‌ನಲ್ಲಿ ಹೆಸರು ಹುಡುಕಿ, ಸರಿಯಾದ ಕಂಟೆಂಟ್ ಟೈಪ್ ಜೊತೆ ‘ನೋಸ್ನಿಫ್’ ಹೆಡರ್ (ಟೈಪನ್ನು ನೀನೇ ಊಹಿಸಬೇಡ ಅಂತ ಬ್ರೌಸರ್‌ಗೆ ಹೇಳುವುದು) ಹಾಕಿ ಕಳುಹಿಸಲಿ.

ಹೆಸರನ್ನೂ ನೀವೇ ಇಡಿ. ‘ರ್‍ಯಾಂಡಮ್ ಬೈಟ್ಸ್’ನಿಂದ 16 ಬೈಟ್ ತೆಗೆದು ಹೆಕ್ಸ್ (ಬೈಟ್‌ಗೆ ಎರಡು ಅಕ್ಷರ) ಮಾಡಿದರೆ 32 ಅಕ್ಷರದ ಹೆಸರು ಸಿಗುತ್ತದೆ. ಕೊನೆಯ ಎಕ್ಸ್‌ಟೆನ್ಶನ್ ಕೂಡ ನೀವು ಪತ್ತೆ ಮಾಡಿದ ಟೈಪ್‌ನಿಂದ ಬರಲಿ. ನಿಮ್ಮ ಜೋಗ, ಹಂಪಿ ತಕರಾರೂ ಅಲ್ಲಿಗೆ ಮುಗಿಯಿತು. ಸದಸ್ಯರು ಕೊಟ್ಟ ಕನ್ನಡ ಹೆಸರು ಡೇಟಾಬೇಸ್‌ನಲ್ಲಿ ಹಾಗೇ ಇರಲಿ, ಪೇಜ್‌ನಲ್ಲಿ ತೋರಿಸುವಾಗ ಎಸ್ಕೇಪ್ ಮಾಡಿದರೆ (ಎಚ್‌ಟಿಎಂಎಲ್ ಆಗಿ ಓಡದಂತೆ ಚಿಹ್ನೆ ಬದಲಿಸಿದರೆ) ಆಯಿತು.

ಕರಾವಳಿಕೋಡರ್:
ಇಷ್ಟರ ಮೇಲೆ, ಬಂದ ಚಿತ್ರವನ್ನು ಪಿಎಚ್‌ಪಿಯ ಚಿತ್ರ ಲೈಬ್ರರಿ ಜಿಡಿಯಲ್ಲಿ ತೆರೆದು ಹೊಸ ಜೆಪೆಗ್ ಆಗಿ ಸೇವ್ ಮಾಡಿ. ಒಳಗೆ ಅಡಗಿಸಿದ ಕೋಡ್ ಬಹುತೇಕ ಉದುರಿಹೋಗುತ್ತದೆ. ಎಕ್ಸಿಫ್‌ನ (ಕ್ಯಾಮೆರಾ ಫೋಟೋ ಒಳಗೆ ಬರೆಯುವ ಮಾಹಿತಿ) ಜಿಪಿಎಸ್ ಕೂಡ ಹೋಗುತ್ತದೆ, ಯಾರ ಮನೆ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತಾಗುವುದು ಬೇಡ ಅಲ್ವಾ.

ಸರ್ವರ್‌ಸೀನ:
ಒಪ್ಪುತ್ತೇನೆ, ಆದರೆ ಇದು ಫೋಟೋ ಸ್ಪರ್ಧೆ. ತೀರ್ಪುಗಾರರು ಎಕ್ಸಿಫ್ ಕೇಳಬಹುದು. ಮೂಲ ಫೈಲನ್ನು ಹೊರಗಿನ ಫೋಲ್ಡರ್‌ನಲ್ಲಿ ಮುಟ್ಟದೆ ಇಡಿ, ಜನರಿಗೆ ಹೊಸ ಪ್ರತಿ ಮಾತ್ರ ತೋರಿಸಿ. ‘ಬಹುತೇಕ’ ಅಂದಿದ್ದೂ ಸರಿ. ಪಿಎನ್‌ಜಿಯ ಪಿಕ್ಸೆಲ್ ಡೇಟಾದಲ್ಲೇ ಕೋಡ್ ಉಳಿಯುವಂತೆ ಮಾಡುವ ಉಪಾಯಗಳಿವೆ. ಹಾಗಾಗಿ ಫೋಲ್ಡರ್ ಹೊರಗೆ ಇಡುವುದನ್ನು ಬಿಡಬೇಡಿ.

ಹೊಂಗೆಮರ:
ಎಲ್ಲ ಮಾಡಿದೆ ಸರ್, ಸೈಟ್ ಮತ್ತೆ ಶುರುವಾಗಿದೆ. ಆದರೆ ಮೊಬೈಲ್‌ನಲ್ಲಿ ತೆಗೆದ ಉದ್ದನೆ ಫೋಟೋಗಳು ಜಿಡಿಯಿಂದ ಹೊರಬಂದ ಮೇಲೆ ಅಡ್ಡ ಮಲಗಿವೆ. ಕೆಲವು ದೊಡ್ಡ ಫೋಟೋಗಳಿಗೆ ಪೇಜ್ ಬಿಳಿಯಾಗಿ ನಿಲ್ಲುತ್ತದೆ. ಇನ್ನೂ ದೊಡ್ಡದಾದರೆ ‘ಟೋಕನ್ ಇಲ್ಲ’ (ಫಾರ್ಮ್ ನಮ್ಮದೇ ಪೇಜಿನಿಂದ ಬಂತಾ ಅಂತ ನೋಡುವ ಗುಟ್ಟಿನ ಗುರುತು) ಅಂತ ನನ್ನದೇ ಫಾರ್ಮ್ ಬೈಯುತ್ತದೆ.

ಕರಾವಳಿಕೋಡರ್:
ಅಡ್ಡ ಮಲಗಿದ್ದು ನಾನು ಹೇಳಿದ್ದರ ಫಲ 😀 ಯಾವ ಕಡೆ ತಿರುಗಿಸಬೇಕು ಅನ್ನೋದನ್ನು ಫೋನ್ ಎಕ್ಸಿಫ್‌ನ ಓರಿಯೆಂಟೇಶನ್‌ನಲ್ಲಿ ಬರೆದಿರುತ್ತದೆ, ಜಿಡಿ ಅದನ್ನು ನೋಡುವುದಿಲ್ಲ. ಮೊದಲೇ ಅದನ್ನು ಓದಿಕೊಳ್ಳಿ. ಬೆಲೆ 6 ಇದ್ದರೆ ಬಲಕ್ಕೆ 90 ಡಿಗ್ರಿ ತಿರುಗಿಸಬೇಕು. ‘ಇಮೇಜ್ ರೊಟೇಟ್’ ಎಡಕ್ಕೆ ತಿರುಗಿಸುವುದರಿಂದ -90 ಕೊಡಿ.

ಸರ್ವರ್‌ಸೀನ:
ಬಿಳಿ ಪೇಜ್ ಮೆಮೊರಿಯದು ಇರಬೇಕು, ಎರರ್ ಲಾಗ್ ನೋಡಿ ಖಚಿತ ಮಾಡಿಕೊಳ್ಳಿ. 6000×4000 ಚಿತ್ರ ಡಿಸ್ಕ್‌ನಲ್ಲಿ ಚಿಕ್ಕದೇ ಇರಬಹುದು. ಬಿಚ್ಚಿದಾಗ ಪಿಕ್ಸೆಲ್‌ಗೆ 4 ಬೈಟ್ ಲೆಕ್ಕದಲ್ಲಿ ಸುಮಾರು 96 ಎಂಬಿ. ತಿರುಗಿಸಲು ಇನ್ನೊಂದು ಪ್ರತಿ ಬೇಕು. ತೆರೆಯುವ ಮೊದಲೇ ‘ಗೆಟ್ ಇಮೇಜ್ ಸೈಜ್’ನಿಂದ ಅಗಲ, ಎತ್ತರ ನೋಡಿ ಮಿತಿ ಹಾಕಿ. ಬೇಕೆಂದೇ ಕೆಲವೇ ಕೆಬಿಯಲ್ಲಿ ಭಾರೀ ಅಳತೆಯ ಪಿಎನ್‌ಜಿ ಕಳುಹಿಸಿ ಸರ್ವರ್ ಕೆಡವುವವರಿಗೂ ಇದೇ ತಡೆ.

ಟೋಕನ್ ವಿಷಯ: ರಿಕ್ವೆಸ್ಟ್ ‘ಪೋಸ್ಟ್ ಮ್ಯಾಕ್ಸ್ ಸೈಜ್’ ದಾಟಿದರೆ ಪಿಎಚ್‌ಪಿ ಫೈಲ್ ಜೊತೆಗೆ ಇಡೀ ಫಾರ್ಮನ್ನೇ ಖಾಲಿ ಮಾಡಿ ಕೊಡುತ್ತದೆ. ಟೋಕನ್ ಕೂಡ ಅದರಲ್ಲೇ ಹೋಯಿತು. ಡೀಫಾಲ್ಟ್ 8 ಎಂಬಿ. ‘ಅಪ್ಲೋಡ್ ಮ್ಯಾಕ್ಸ್ ಫೈಲ್‌ಸೈಜ್’ ಡೀಫಾಲ್ಟ್ ಬರೀ 2 ಎಂಬಿ. ಎರಡನ್ನೂ ಏರಿಸಿ, ಮೊದಲನೆಯದು ಯಾವಾಗಲೂ ಸ್ವಲ್ಪ ಜಾಸ್ತಿ ಇರಲಿ. ಟೋಕನ್ ನೋಡುವ ಮೊದಲು ರಿಕ್ವೆಸ್ಟ್‌ನ ಕಂಟೆಂಟ್ ಲೆಂಗ್ತ್ ನೋಡಿ, ಮಿತಿ ದಾಟಿದ್ದರೆ ‘ಫೋಟೋ ತುಂಬಾ ದೊಡ್ಡದು’ ಅಂತ ಕನ್ನಡದಲ್ಲೇ ಹೇಳಿಬಿಡಿ.