ಔಟ್‌ಸ್ಟ್ರಿಪ್: ಮೂಲ, ಅರ್ಥ, ಬಳಕೆ

‘ಮೀರಿಸು, ಹಿಂದೆ ಹಾಕು’ ಎಂಬ ಅರ್ಥದ ಇಂಗ್ಲಿಷಿನ ‘ಔಟ್‌ಸ್ಟ್ರಿಪ್’ಗೂ ಬಟ್ಟೆ ಕಳಚುವ ‘ಸ್ಟ್ರಿಪ್’ಗೂ ನಂಟಿಲ್ಲ. ಕಳಚು, ಸುಲಿ ಎಂಬ ಅರ್ಥದ್ದು ಹಳೆಯ ಇಂಗ್ಲಿಷಿನಿಂದ ಬಂದದ್ದು. ಅಲ್ಲಿ ಅದು ದೋಚುವುದಕ್ಕೆ ಹೇಳುವ ಮಾತಾಗಿತ್ತು. ಔಟ್‌ಸ್ಟ್ರಿಪ್‌ನಲ್ಲಿರುವುದು ‘ವೇಗವಾಗಿ ಸಾಗು’ ಎಂಬ ಅರ್ಥದ ಇನ್ನೊಂದು ಸ್ಟ್ರಿಪ್. ಒಂಟಿಯಾಗಿ ಅದು ಎಂದೋ ಬಳಕೆ ತಪ್ಪಿದೆ. 16ನೆಯ ಶತಮಾನದ ಉತ್ತರಾರ್ಧದಲ್ಲಿ ‘ಔಟ್’ ಜೊತೆ ಸೇರಿಕೊಂಡದ್ದರಿಂದ ಇಷ್ಟಾದರೂ ಉಳಿದಿದೆ.

ಈ ‘ಔಟ್’ ಎಂದರೆ ‘ಹೊರಗೆ’ ಅಲ್ಲ, ‘ಇನ್ನೊಬ್ಬರಿಗಿಂತ ಹೆಚ್ಚು’. ಅದು ಅಕರ್ಮಕ ಕ್ರಿಯಾಪದವನ್ನು ಸಕರ್ಮಕ ಮಾಡುತ್ತದೆ. ‘ರನ್’ ಎಂದರೆ ಬರೀ ಓಡು. ‘ಔಟ್‌ರನ್’ ಎಂದರೆ ಒಬ್ಬರನ್ನು ಓಟದಲ್ಲಿ ಹಿಂದೆ ಹಾಕು. ‘ಔಟ್‌ಲಿವ್’ (ಇನ್ನೊಬ್ಬರಿಗಿಂತ ಹೆಚ್ಚು ಕಾಲ ಬದುಕು) ಕೂಡ ಹೀಗೇ. ಆದ್ದರಿಂದ ಔಟ್‌ಸ್ಟ್ರಿಪ್‌ಗೆ ಕರ್ಮಪದ ನೇರವಾಗಿ ಬರಬೇಕು. ನಡುವೆ ‘ಗಿಂತ’ ಎಂಬ ಅರ್ಥದ ‘ದ್ಯಾನ್’ ಹಾಕುವುದು ತಪ್ಪು. ಭೂತಕಾಲದಲ್ಲಿ ‘ಪಿ’ ಅಕ್ಷರ ಎರಡು.

ಅರ್ಥ ಬೆಳೆದ ಬಗೆ ಶೇಕ್ಸ್‌ಪಿಯರನಲ್ಲಿ ಚೆನ್ನಾಗಿ ಕಾಣುತ್ತದೆ. ‘ಐದನೆಯ ಹೆನ್ರಿ’ಯ 4ನೆಯ ಅಂಕದಲ್ಲಿ, ಅಪರಾಧಿಗಳು ಮನುಷ್ಯರಿಂದ ತಪ್ಪಿಸಿಕೊಂಡು ಓಡಿಯಾರು, ದೇವರಿಂದ ಹಾರಿಹೋಗಲು ಅವರಿಗೆ ರೆಕ್ಕೆಯಿಲ್ಲ ಎನ್ನುವಾಗ ಈ ಪದ ಬರುತ್ತದೆ. ಅಲ್ಲಿ ಓಟ ಇನ್ನೂ ಕಣ್ಣಿಗೆ ಕಟ್ಟುವಂತಿದೆ. ‘ಟೆಂಪೆಸ್ಟ್’ನಲ್ಲಿ ಪ್ರಾಸ್ಪೆರೊ ತನ್ನ ಮಗಳು ಎಲ್ಲ ಹೊಗಳಿಕೆಯನ್ನೂ ಮೀರಿಸುತ್ತಾಳೆ, ಹೊಗಳಿಕೆಯೇ ಅವಳ ಹಿಂದೆ ಕುಂಟುತ್ತಾ ಬರುತ್ತದೆ ಎನ್ನುತ್ತಾನೆ. ಓಡುವ ಕಾಲು ಹೋಗಿ ಗುಣ ಬಂದಿದೆ. ಆದರೂ ‘ಕುಂಟುವುದು’ ಹಳೆಯ ಓಟವನ್ನು ಬಿಟ್ಟುಕೊಟ್ಟಿಲ್ಲ. ಎಷ್ಟು ಸೊಗಸಾದ ಪ್ರಯೋಗ!

ಇಂದಿಗೂ ಈ ಪದ ಹೆಚ್ಚಾಗಿ ಹೊಂದುವುದು ಎರಡೂ ಚಲಿಸುತ್ತಿರುವಲ್ಲಿ: ಬೇಡಿಕೆ ಮತ್ತು ಪೂರೈಕೆ, ಬೆಲೆ ಮತ್ತು ಸಂಬಳ. ಒಂದು ಬೇಗ ಬೆಳೆಯಿತು, ಇನ್ನೊಂದು ಹಿಂದೆ ಬಿತ್ತು. ಕದಲದ ಮಿತಿಯೊಂದನ್ನು ದಾಟುವುದಕ್ಕೆ ‘ಎಕ್ಸೀಡ್’ ಸರಿ. ವೇಗಮಿತಿ ಮೀರಿದ ವಾಹನಕ್ಕೆ ಔಟ್‌ಸ್ಟ್ರಿಪ್ ಒಗ್ಗದು. ಶ್ರೇಷ್ಠವಾಗಿರು ಎಂಬ ಅರ್ಥದ ‘ಎಕ್ಸೆಲ್’ ಲ್ಯಾಟಿನ್ನಿನ ‘ಎತ್ತರಕ್ಕೇರು’ ಎಂಬುದರಿಂದ ಬಂದದ್ದು. ಅಲ್ಲಿ ಎದುರಾಳಿ ಇರಲೇಬೇಕೆಂದಿಲ್ಲ.

ಕನ್ನಡಕ್ಕೆ ತರುವಾಗ ಎಡವುವುದು ‘ಮೀರು’ ಮತ್ತು ‘ಮೀರಿಸು’ ನಡುವೆ. ಎಲ್ಲೆ, ಆಜ್ಞೆ, ಗಡುವನ್ನು ಮೀರುತ್ತೇವೆ. ಗುರುವನ್ನು ಶಿಷ್ಯ ಮೀರಿಸುತ್ತಾನೆ; ‘ಗುರುವನ್ನು ಮೀರಿದ’ ಎಂದರೆ ಮಾತು ಕೇಳಲಿಲ್ಲ ಎಂಬ ಅರ್ಥವೂ ಬಂದುಬಿಡುತ್ತದೆ. ಸ್ಪರ್ಧಿಗಳ ವಿಷಯಕ್ಕೆ ‘ಹಿಂದಿಕ್ಕು’ ಎಲ್ಲಕ್ಕಿಂತ ಹತ್ತಿರದ್ದು, ಓಟದ ಚಿತ್ರವೂ ಅದರಲ್ಲಿ ಉಳಿಯುತ್ತದೆ. ಬೇಡಿಕೆ ಪೂರೈಕೆಯನ್ನು ಹಿಂದೆ ಹಾಕಿತು ಎಂಬಂಥ ವಾಕ್ಯಕ್ಕೆ ಮಾತ್ರ ಕ್ರಿಯಾಪದದ ಹಟ ಬಿಡುವುದೇ ಮೇಲು: ‘ಬೇಡಿಕೆ ಏರಿದಷ್ಟು ಪೂರೈಕೆ ಏರಲಿಲ್ಲ’ ಎಂದು ಬರೆದರೆ ಸಾಕು.